ಆರ್ಡರ್ ಹಾಕೋ ಮುಂಚೆ ಎರಡು ನಿಮಿಷ

ಕಳೆದ ಸೆಮಿಸ್ಟರ್‌ನಲ್ಲಿ ನಮ್ಮ ಹಾಸ್ಟೆಲ್‌ನ ಗೆಳೆಯನೊಬ್ಬ ಸೆಕೆಂಡ್ ಹ್ಯಾಂಡ್ ಲ್ಯಾಪ್‌ಟಾಪ್ ಹುಡುಕ್ತಿದ್ದ. ಇನ್‌ಸ್ಟಾಗ್ರಾಂನಲ್ಲಿ ಒಂದು ಪೇಜ್ ಸಿಕ್ತು. ಹೊಸದಾದ್ರೆ 50 ಸಾವಿರ ದಾಟೋ ಮಾಡೆಲ್ ಅಲ್ಲಿ ಬರೀ 14 ಸಾವಿರಕ್ಕೆ. ಬುಕಿಂಗ್‌ಗೆ ಅಂತ ಮೊದಲು 2,000 ಕೇಳಿದ್ರು, ಕೊಟ್ಟ. ಮಾರನೇ ದಿನ ಕೊರಿಯರ್ ಇನ್ಶೂರೆನ್ಸ್ ಅಂತ 3,500. ಅದಾದ ಮೇಲೆ 'ಜಿಎಸ್‌ಟಿ ಡೆಪಾಸಿಟ್, ವಾಪಸ್ ಬರುತ್ತೆ' ಅಂತ 4,000. ಒಟ್ಟು 9,500 ರೂಪಾಯಿ. ಊರಿಂದ ಅಪ್ಪ ಪರೀಕ್ಷಾ ಫೀಸಿಗೂ ಮೆಸ್ ಬಿಲ್ಲಿಗೂ ಅಂತ ಕಳಿಸಿದ್ದ ದುಡ್ಡು ಅದು. ಆಮೇಲೆ ಆ ಪೇಜ್ ಅವನನ್ನು ಬ್ಲಾಕ್ ಮಾಡ್ತು.

ಅವನು ನಾಲ್ಕು ದಿನ ಯಾರ ಹತ್ರನೂ ಬಾಯಿ ಬಿಡಲಿಲ್ಲ. 'ಕಂಪ್ಯೂಟರ್ ಸೈನ್ಸ್ ಓದ್ತಾ ಇದೀಯ, ನೀನೇ ಹಿಂಗೆ ಮೋಸ ಹೋದ್ಯಾ ಅಂತ ನಗ್ತೀರ ಅನ್ಕೊಂಡೆ' ಅಂದ. ಅವನ ಒಪ್ಪಿಗೆ ಪಡೆದೇ ಇದನ್ನು ಬರೀತಿದ್ದೇವೆ. ನಮ್ಮಲ್ಲಿ ಇನ್ನೊಬ್ಬರಿಗೆ ಹೀಗಾಗಬಾರದು.

ಮೊದಲು ಆಟ ಅರ್ಥ ಮಾಡ್ಕೊಳ್ಳೋಣ

ಅಗ್ಗದ ಆಸೆಗೆ ಮುಗ್ಗಲು ಜೋಳ ತಂದ ಅನ್ನೋ ಗಾದೆ ಎಲ್ಲರಿಗೂ ಗೊತ್ತು. ಆದರೆ ಇಲ್ಲಿ ಅಗ್ಗದ ಬೆಲೆ ಬರೀ ಗಾಳದ ಹುಳು. ನಿಜವಾದ ಕೊಕ್ಕೆ ಎರಡನೇ ಕಂತಿನಲ್ಲಿದೆ. ಮೊದಲ 2,000 ಅವನು ಲ್ಯಾಪ್‌ಟಾಪ್‌ಗೋಸ್ಕರ ಕೊಟ್ಟ. ನಂತರದ 3,500 ಕೊಟ್ಟಿದ್ದು ಆ 2,000 ಮುಳುಗಬಾರದು ಅಂತ. ಕೊನೆಯ 4,000 ಕೊಟ್ಟಿದ್ದು 5,500 ಉಳಿಸ್ಕೊಳ್ಳೋಕೆ. ಹಾಗಾಗಿ ನಮ್ಮ ಮೊದಲ ನಿಯಮ ಇದು: ಮೊದಲು ಹೇಳದೇ ಇದ್ದ ಯಾವುದಾದರೂ ಚಾರ್ಜ್ ಆಮೇಲೆ ಬಂತು ಅಂದ್ರೆ ಅಲ್ಲೇ ನಿಲ್ಲಿಸಿ. ಹೋದದ್ದು ಹೋಯ್ತು, ಅದರ ಹಿಂದೆ ಇನ್ನೊಂದನ್ನು ಕಳಿಸಬೇಡಿ.

ವೆಬ್‌ಸೈಟ್ ವಿಳಾಸ ಬಲಗಡೆಯಿಂದ ಓದಿ

ಹಬ್ಬದ ಸೇಲ್ ಸಮಯದಲ್ಲಿ ವಾಟ್ಸಾಪ್ ಗ್ರೂಪುಗಳಿಗೆ ಬರೋ ಲಿಂಕ್‌ಗಳಲ್ಲಿ ದೊಡ್ಡ ಕಂಪನಿಯ ಹೆಸರು ಇದ್ದೇ ಇರುತ್ತೆ. ಪ್ರಶ್ನೆ ಏನಂದ್ರೆ, ಎಲ್ಲಿ ಇದೆ? ವಿಳಾಸದಲ್ಲಿ ಮೊದಲ ಒಂಟಿ ಸ್ಲ್ಯಾಶ್ ಬರುವ ತನಕದ ಭಾಗವನ್ನು ನೋಡಿ, ಅದನ್ನು ಬಲದಿಂದ ಎಡಕ್ಕೆ ಓದಿ. ಡಾಟ್ ಕಾಮ್ ಅಥವಾ ಡಾಟ್ ಇನ್‌ಗೆ ಅಂಟಿಕೊಂಡು ಎಡಕ್ಕೆ ಇರುವ ಪದವೇ ಸೈಟಿನ ಅಸಲಿ ಹೆಸರು. ಕಂಪನಿ ಹೆಸರು ಮೊದಲು ಬಂದು, ಆಮೇಲೆ ಡಾಟ್, ಆಮೇಲೆ 'ಬಿಗ್-ಆಫರ್ ಡಾಟ್ ಶಾಪ್' ಅಂತಿದ್ರೆ ಆ ಸೈಟು ಬಿಗ್-ಆಫರ್‌ನವರದ್ದು, ಕಂಪನಿಯದ್ದಲ್ಲ. ಎಡಗಡೆ ಸಬ್‌ಡೊಮೇನ್‌ನಲ್ಲಿ ಯಾರು ಯಾರ ಹೆಸರನ್ನು ಬೇಕಾದರೂ ಹಾಕ್ಕೋಬಹುದು.

ಬೀಗದ ಚಿಹ್ನೆ ಇದೆ, ಸೇಫ್ ಅಂತ ನಂಬೋರು ನಮ್ಮಲ್ಲೂ ಇದಾರೆ. ನೆಟ್‌ವರ್ಕ್ಸ್ ಕ್ಲಾಸ್ ನೆನಪಿಸ್ಕೊಳ್ಳಿ. ಬೀಗ ಹೇಳೋದು ನಿಮಗೂ ಆ ಸರ್ವರ್‌ಗೂ ನಡುವಿನ ಮಾತು ಎನ್‌ಕ್ರಿಪ್ಟ್ ಆಗಿದೆ ಅಂತ ಮಾತ್ರ. ಆ ಕಡೆ ಇರೋನು ಪ್ರಾಮಾಣಿಕ ಅಂತ ಅಲ್ಲ. ಪುಕ್ಕಟೆ ಸರ್ಟಿಫಿಕೇಟ್ ಕಳ್ಳನಿಗೂ ಸಿಗುತ್ತೆ. ಅನುಮಾನ ಬಂದ್ರೆ ಹೂಈಸ್ ಹುಡುಕಾಟದಲ್ಲಿ ಡೊಮೇನ್ ಯಾವಾಗ ನೋಂದಣಿ ಆಯ್ತು ನೋಡಿ. 'ಹತ್ತು ವರ್ಷದ ನಂಬಿಕೆ' ಅಂತ ಬರೆದುಕೊಂಡ ಅಂಗಡಿ ಮೂರು ವಾರದ ಹಿಂದೆ ಹುಟ್ಟಿದ್ರೆ ಉತ್ತರ ಸಿಕ್ಕಿತಲ್ಲ!

ಇನ್ನೊಂದು ಪರೀಕ್ಷೆ: 2020ರ ಗ್ರಾಹಕ ಸಂರಕ್ಷಣಾ (ಇ-ಕಾಮರ್ಸ್) ನಿಯಮಗಳ ಪ್ರಕಾರ ಆನ್‌ಲೈನ್ ಮಾರಾಟ ಸಂಸ್ಥೆ ತನ್ನ ಕಾನೂನುಬದ್ಧ ಹೆಸರು, ಕಚೇರಿ ವಿಳಾಸ ಮತ್ತು ದೂರು ಅಧಿಕಾರಿಯ ವಿವರ ಪ್ರಕಟಿಸಲೇಬೇಕು. ಬರೀ ಒಂದು ವಾಟ್ಸಾಪ್ ನಂಬರ್ ಇದ್ರೆ ವಾಪಸ್ ಬನ್ನಿ.

ದುಡ್ಡು ಬರೋಕೆ ಪಿನ್ ಬೇಡ

ಫೈನಲ್ ಇಯರ್‌ನವರು ಸೈಕಲ್, ಟೇಬಲ್, ಡ್ರಾಫ್ಟರ್ ಮಾರೋ ಕಾಲ ಇದು. ಮಾರುವವರಿಗೂ ಬಲೆ ಇದೆ. ಕೊಳ್ಳೋನು ಚೌಕಾಸಿನೇ ಮಾಡಲ್ಲ, ಸೈನ್ಯದಲ್ಲಿದ್ದೀನಿ ಅಂತಾನೆ, ಕ್ಯೂಆರ್ ಕೋಡ್ ಕಳಿಸಿ 'ಸ್ಕ್ಯಾನ್ ಮಾಡಿ ಪಿನ್ ಹಾಕಿ, ದುಡ್ಡು ಬರುತ್ತೆ' ಅಂತಾನೆ. ಬರಲ್ಲ, ಹೋಗುತ್ತೆ. ಯುಪಿಐ ಪಿನ್ ಬೇಕಾಗೋದು ನಿಮ್ಮ ಖಾತೆಯಿಂದ ಹಣ ಹೊರಗೆ ಹೋಗೋಕೆ, ಇಲ್ಲ ಬ್ಯಾಲೆನ್ಸ್ ನೋಡೋಕೆ. ಸ್ವೀಕರಿಸೋಕೆ ಪಿನ್ನೂ ಬೇಡ, ಸ್ಕ್ಯಾನೂ ಬೇಡ. ಇದೊಂದು ಸಾಲನ್ನು ಮನೆಯಲ್ಲಿ ಅಮ್ಮನಿಗೂ ಹೇಳಿಕೊಡಿ.

ಗೇಟಿನ ಹತ್ರ ಪಾರ್ಸೆಲ್ ಬಂದಿದೆ

ಆರ್ಡರ್ ಮಾಡದೇ ಇರೋ ಕ್ಯಾಶ್ ಆನ್ ಡೆಲಿವರಿ ಪಾರ್ಸೆಲ್ ಬಂದ್ರೆ ರೂಮ್‌ಮೇಟ್ ಪರವಾಗಿ ದುಡ್ಡು ಕೊಟ್ಟು ತಗೋಬೇಡಿ, ಮೊದಲು ಅವನಿಗೆ ಫೋನ್ ಮಾಡಿ. 'ಆರ್ಡರ್ ಕ್ಯಾನ್ಸಲ್ ಮಾಡ್ತೀವಿ, ಒಟಿಪಿ ಹೇಳಿ' ಅಂದ್ರೂ ಹೇಳಬೇಡಿ. 'ವಿಳಾಸ ಸರಿಯಿಲ್ಲ, 5 ರೂಪಾಯಿ ಕಟ್ಟಿ' ಅನ್ನೋ ಮೆಸೇಜಿನ ಲಿಂಕ್ ಒತ್ತಬೇಡಿ, ಎಪಿಕೆ ಫೈಲ್ ಬಂದ್ರೆ ಇನ್‌ಸ್ಟಾಲ್ ಮಾಡಬೇಡಿ. ಡೆಲಿವರಿ ಹುಡುಗನ ಸೋಗಿನಲ್ಲಿ *401* ಅಥವಾ *21* ಇಂದ ಶುರುವಾಗೋ ನಂಬರ್ ಡಯಲ್ ಮಾಡಿಸೋರೂ ಇದಾರೆ. ಹಾಗೆ ಮಾಡಿದ್ರೆ ನಿಮ್ಮ ಕರೆಗಳು ಅವರ ಫೋನಿಗೆ ಹೋಗುತ್ತವೆ, ಕರೆಯಲ್ಲಿ ಬರೋ ಒಟಿಪಿ ಕೂಡ. ಈಗಾಗಲೇ ಡಯಲ್ ಮಾಡಿದ್ರೆ ##002# ಒತ್ತಿ ಎಲ್ಲ ಫಾರ್ವರ್ಡಿಂಗ್ ರದ್ದು ಮಾಡಿ.

ಕಸ್ಟಮರ್ ಕೇರ್ ನಂಬರನ್ನು ಗೂಗಲ್‌ನಲ್ಲಿ ಹುಡುಕೋದಕ್ಕಿಂತ ಆ್ಯಪ್ ಒಳಗಿಂದಲೇ ತೆಗೆದುಕೊಳ್ಳಿ. ದುಬಾರಿ ವಸ್ತು ಬಿಚ್ಚುವಾಗ ಲೇಬಲ್ ಕಾಣುವಂತೆ ವಿಡಿಯೋ ಮಾಡಿಟ್ಟುಕೊಳ್ಳಿ.

ಹೋಗೇಬಿಟ್ರೆ?

1. ತಕ್ಷಣ 1930ಕ್ಕೆ ಕರೆ ಮಾಡಿ. ವಹಿವಾಟಿನ 12 ಅಂಕಿಯ ಯುಟಿಆರ್ ಸಂಖ್ಯೆ, ಮೊತ್ತ, ಸಮಯ, ಎದುರಿನವರ ಯುಪಿಐ ಐಡಿ ಕೈಯಲ್ಲಿರಲಿ.
2. ನಿಮ್ಮ ಬ್ಯಾಂಕಿಗೆ ತಿಳಿಸಿ, ಕಾರ್ಡ್ ಮತ್ತು ಯುಪಿಐ ಬ್ಲಾಕ್ ಮಾಡಿಸಿ.
3. ಸೈಬರ್‌ಕ್ರೈಮ್ ಡಾಟ್ ಗೌ ಡಾಟ್ ಇನ್ ಪೋರ್ಟಲ್‌ನಲ್ಲಿ, ಇಲ್ಲವೇ ಹತ್ತಿರದ ಸೆನ್ ಪೊಲೀಸ್ ಠಾಣೆಯಲ್ಲಿ ದೂರು ದಾಖಲಿಸಿ.
4. ಚಾಟ್ ಡಿಲೀಟ್ ಮಾಡಬೇಡಿ. ನಾಚಿಕೆಗೆ ಮೊದಲು ಅಳಿಸೋದೇ ಸಾಕ್ಷಿಯನ್ನು.

ಅಸಲಿ ಅಂಗಡಿಯೇ ಕೆಟ್ಟ ಮಾಲು ಕಳಿಸಿ ರೀಫಂಡ್ ಕೊಡ್ತಿಲ್ಲ ಅಂದ್ರೆ ಅದು ಬೇರೆ ವಿಷಯ. ಅದಕ್ಕೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915 ಇದೆ.

ತಕ್ಷಣ ಅಂತ ಒತ್ತಿ ಹೇಳೋಕೆ ಕಾರಣ ಇದೆ. ದುಡ್ಡು ಮೊದಲ ಖಾತೆಯಲ್ಲಿ ಹೆಚ್ಚು ಹೊತ್ತು ಕೂರಲ್ಲ. ಅಲ್ಲಿಂದ ಇನ್ನೊಂದಕ್ಕೆ, ಮತ್ತೊಂದಕ್ಕೆ ಹೋಗಿ ಎಟಿಎಂನಲ್ಲಿ ಹೊರಬರುತ್ತೆ. ಖಾತೆಯಲ್ಲಿ ಇರುವಾಗಲೇ ದೂರು ತಲುಪಿದ್ರೆ ಬ್ಯಾಂಕು ತಡೆಹಿಡಿಯಬಹುದು. ಆ ನಡುವಿನ ಖಾತೆಗಳು ಯಾರವು ಗೊತ್ತಾ? ಎಷ್ಟೋ ಸಲ ನಮ್ಮಂಥ ಹುಡುಗರವೇ. 'ಅಕೌಂಟ್ ಬಾಡಿಗೆಗೆ ಕೊಡು, ಕಮಿಷನ್ ಕೊಡ್ತೀವಿ' ಅಂತ ಯಾರಾದರೂ ಬಂದ್ರೆ ಆ ಕಡೆ ತಲೆನೂ ಹಾಕಬೇಡಿ. ಪೊಲೀಸರು ಮೊದಲು ಬರೋದು ಖಾತೆದಾರನ ಮನೆಗೆ.

ನಮ್ಮ ಗೆಳೆಯ ಐದನೇ ದಿನ 1930ಕ್ಕೆ ಫೋನ್ ಮಾಡುವಷ್ಟರಲ್ಲಿ ಆ ಖಾತೆ ಖಾಲಿಯಾಗಿತ್ತು. ಕೋಟೆ ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದ ಹಾಗಾಯ್ತು. ಪರೀಕ್ಷಾ ಫೀಸನ್ನು ನಾವು ಏಳು ಜನ ಸೇರಿ ಹೊಂದಿಸಿದ್ವಿ, ಅವನು ಕಂತಿನಲ್ಲಿ ತೀರಿಸ್ತಿದ್ದಾನೆ. ಮೊದಲ ದಿನವೇ ಹೇಳಿದ್ದಿದ್ರೆ ಸ್ವಲ್ಪವಾದರೂ ಉಳೀತಿತ್ತೇನೋ ಅಂತ ಈಗಲೂ ಅನ್ನಿಸುತ್ತೆ. ಅವನು ಹೇಳಲಿಲ್ಲ, ಯಾಕಂದ್ರೆ ನಾವು ನಗ್ತೀವಿ ಅಂತ ಅವನಿಗೆ ಅನ್ನಿಸಿತ್ತು. ಅದಕ್ಕೂ ಮುಂಚೆ ಇನ್ನೊಬ್ಬ ಮೋಸ ಹೋದಾಗ ನಾವು ನಕ್ಕಿದ್ವಿ ಕೂಡ. ಇನ್ನು ಮುಂದೆ ನಿಮ್ಮ ರೂಮ್ ಬಾಗಿಲು ತಟ್ಟಿ ಯಾರಾದರೂ 'ಮಗಾ, ದುಡ್ಡು ಹೋಯ್ತು' ಅಂದ್ರೆ ಬೈಬೇಡಿ, ನಗಬೇಡಿ. ಮೊದಲು 1930 ಡಯಲ್ ಮಾಡಿ ಫೋನ್ ಅವನ ಕೈಗೆ ಕೊಡಿ.