‘ಹೊರಗು’ ಮತ್ತು ‘ಆಚೆ’: ಮಂಡ್ಯ ಜಿಲ್ಲೆಯ ನಾಲ್ಕು ತಾಲ್ಲೂಕುಗಳ ಆಡುನುಡಿಯಲ್ಲಿ ಒಂದು ಅರ್ಥವಿವೇಚನೆ

ಕನ್ನಡದ ‘ಹೊರಗು’ ಎಂಬ ಪದ ಮೇಲುನೋಟಕ್ಕೆ ವಿವರಣೆಯ ಅಗತ್ಯವೇ ಇಲ್ಲದಷ್ಟು ಸರಳವಾದುದು. ಒಳಗಲ್ಲದ್ದು ಹೊರಗು ಎಂದರೆ ಮುಗಿಯಿತು. ಆದರೆ ಶ್ರೀರಂಗಪಟ್ಟಣ, ಪಾಂಡವಪುರ, ಕೃಷ್ಣರಾಜಪೇಟೆ ಹಾಗೂ ನಾಗಮಂಗಲ ತಾಲ್ಲೂಕುಗಳ ಆಡುನುಡಿಯನ್ನು ಗಮನಿಸಿದವರಿಗೆ ಒಂದು ಸಂಗತಿ ಎದ್ದು ಕಾಣುತ್ತದೆ. ಮನೆಯಿಂದ ಹೊರಗೆ ಹೋಗುವ, ಬರುವ ನಿತ್ಯದ ಮಾತಿನಲ್ಲಿ ಇಲ್ಲಿನ ಜನ ‘ಹೊರಗೆ’ ಎಂಬ ಪದವನ್ನು ವಿರಳವಾಗಿ ಬಳಸುತ್ತಾರೆ. ಆ ಸ್ಥಾನದಲ್ಲಿ ‘ಆಚೆ’ ಮತ್ತು ‘ಈಚೆ’ ನಿಂತಿವೆ. ಹಾಗಾದರೆ ‘ಹೊರಗು’ ಎಲ್ಲಿ ಉಳಿದಿದೆ, ಏಕೆ ಉಳಿದಿದೆ ಎಂಬುದನ್ನು ವಿವೇಚಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಹಳಗನ್ನಡದಲ್ಲಿ ಇದರ ರೂಪ ‘ಪೊಱಗು’, ಪ್ರಕೃತಿ ‘ಪೊಱ’. ತಮಿಳು ಮತ್ತು ಮಲಯಾಳಂಗಳ ‘ಪುಱಂ’ ಇದರ ಜ್ಞಾತಿಪದ. ಪಕಾರ ಹಕಾರವಾಗಿ, ಶಕಟರೇಫೆಯು ಸಾಮಾನ್ಯ ರೇಫೆಯಲ್ಲಿ ಲೀನವಾಗಿ ಇಂದಿನ ರೂಪ ಸಿದ್ಧಿಸಿದೆ. ಹಳಗನ್ನಡದ ‘ಪೊಱಮಡು’, ಇಂದಿನ ‘ಹೊರಡು’, ‘ಹೊರತು’ ಇವೆಲ್ಲ ಇದೇ ಮೂಲದವು. ಮಂಡ್ಯ ಸೀಮೆಯವರು ‘ಹೊಂಟೆ’ ಎನ್ನುವಾಗಲೂ ಆಡುತ್ತಿರುವುದು ಈ ಹಳೆಯ ‘ಪೊಱ’ವನ್ನೇ. (ಪಾಂಡವಪುರದ ‘ಪುರ’ಕ್ಕೂ ತಮಿಳಿನ ‘ಪುಱಂ’ಗೂ ಧ್ವನಿಸಾಮ್ಯದ ಹೊರತು ಸಂಬಂಧವಿಲ್ಲ, ಮೊದಲನೆಯದು ಸಂಸ್ಕೃತ ಪದ.)

‘ಆಚೆ’, ‘ಈಚೆ’ಗಳ ಜಾತಕ ಬೇರೆ. ಅವು ಆ, ಈ ಎಂಬ ನಿರ್ದೇಶಕಗಳಿಂದ ಹುಟ್ಟಿದವು. ಆದ್ದರಿಂದ ಅವುಗಳ ಅರ್ಥ ಮಾತನಾಡುವವನು ನಿಂತ ಜಾಗವನ್ನು ಅವಲಂಬಿಸುತ್ತದೆ. ಮನೆಯೊಳಗೆ ಕುಳಿತ ಅಜ್ಜಿ ಮೊಮ್ಮಗನಿಗೆ ‘ಆಚ್ಗೆ ಓಗಿ ಆಡ್ಕೊ ಓಗ್ಲಾ’ ಎನ್ನುತ್ತಾಳೆ. ಅದೇ ಹುಡುಗನನ್ನು ಜಗಲಿಯ ಮೇಲೆ ನಿಂತ ಗೆಳೆಯ ‘ಈಚ್ಗೆ ಬಾರ್ಲಾ’ ಎಂದು ಕರೆಯುತ್ತಾನೆ. ಹುಡುಗ ಹೋಗಬೇಕಾದ ಜಾಗ ಒಂದೇ; ಪದ ಮಾತ್ರ ತಿರುಗಿದೆ. ಶಿಷ್ಟಭಾಷೆಯಲ್ಲಿ ಎರಡಕ್ಕೂ ‘ಹೊರಗೆ’ ಎಂಬುದೊಂದೇ ಪದ, ಏಕೆಂದರೆ ಅದು ಹೊಸ್ತಿಲನ್ನು ನೋಡುತ್ತದೆ, ಮಾತುಗಾರನನ್ನಲ್ಲ.

ಈ ಪಲ್ಲಟಕ್ಕೆ ಧ್ವನಿಸಂಬಂಧಿಯಾದ ಒಂದು ಕಾರಣವನ್ನು ಊಹಿಸಬಹುದು. ಇಲ್ಲಿನ ಗ್ರಾಮ್ಯನುಡಿಯಲ್ಲಿ ಪದಾದಿಯ ಹಕಾರ ಬಿದ್ದುಹೋಗುತ್ತದೆ: ಹೋಗು ‘ಓಗು’, ಹಾಲು ‘ಆಲು’. ಹಾಗಾದಾಗ ‘ಹೊರಗೆ’ ಎಂಬುದು ‘ಒರ್ಗೆ’ ಆಗಿ ‘ಒಳ್ಗೆ’ ಎಂಬುದರ ತೀರ ಸಮೀಪಕ್ಕೆ ಬರುತ್ತದೆ. ಪರಸ್ಪರ ವಿರುದ್ಧಾರ್ಥದ ಎರಡು ಪದಗಳು ಒಂದೇ ವ್ಯಂಜನದ ಅಂತರದಲ್ಲಿ ಉಳಿಯುವುದು ಆಡುಮಾತಿಗೆ ಅನುಕೂಲವಲ್ಲ. ಆದರೆ ಹಕಾರವನ್ನು ಉಳಿಸಿಕೊಂಡಿರುವ ಬೆಂಗಳೂರು, ಮೈಸೂರು ನಗರಗಳ ವಿದ್ಯಾವಂತರೂ ‘ಆಚೆ’ ಎನ್ನುವುದರಿಂದ ಇದೊಂದೇ ಕಾರಣವೆಂದು ಹೇಳುವಂತಿಲ್ಲ.

ಎರಡು ಪದಗಳ ನಡುವಣ ಗಡಿ ಶ್ರೀರಂಗಪಟ್ಟಣದಲ್ಲಿ ಸ್ಪಷ್ಟವಾಗಿ ಗೋಚರಿಸುತ್ತದೆ. ಕಾವೇರಿಯ ಎರಡು ಕವಲುಗಳ ನಡುವಣ ಈ ದ್ವೀಪದ ಪಶ್ಚಿಮ ತುದಿಯಲ್ಲಿ ಕೋಟೆಯಿದೆ. 1784ರಲ್ಲಿ ಟಿಪ್ಪು ಕಟ್ಟಿಸಿದ ದರಿಯಾ ದೌಲತ್ ಅರಮನೆಯೂ, ಸಿರಾದಿಂದ ಜನರನ್ನು ತಂದು ನೆಲೆಗೊಳಿಸಿದ ಗಂಜಾಂ ಪೇಟೆಯೂ ಕೋಟೆಯ ‘ಹೊರಗೆ’ ಇವೆ. ಆದರೆ ನದಿಯ ಅತ್ತಣ ದಡದ ಕಿರಂಗೂರು ‘ಹೊಳೆಯಾಚೆ’. ‘ಹೊಳೆಯ ಹೊರಗೆ’ ಎಂದು ಯಾರೂ ಹೇಳುವುದಿಲ್ಲ. ಹೇಳಿದರೆ ನೀರಿನಿಂದ ಮೇಲೆ ಬಂದ ಮೀನಿನ ಮಾತಾದೀತು. ಹೊಳೆಗೆ, ನಾಲೆಗೆ, ಬದುವಿಗೆ ಎರಡು ಪಕ್ಕಗಳಿವೆ, ಆದ್ದರಿಂದ ಅಲ್ಲಿ ಆಚೆ ಈಚೆ. ಕೋಟೆಗೆ ಒಳಗೆಂಬುದಿದೆ, ಆದ್ದರಿಂದ ಅಲ್ಲಿ ಹೊರಗೆ. ಕಾಲವಾಚಕಗಳೂ ಇದನ್ನೇ ಸಮರ್ಥಿಸುತ್ತವೆ. ‘ಈಚೆಗೆ’, ‘ಆಚೆ ನಾಡಿದ್ದು’ ಎಂಬ ಪ್ರಯೋಗಗಳುಂಟು. ಕಾಲಕ್ಕೆ ಗೋಡೆಯಿಲ್ಲವಾದ್ದರಿಂದ ‘ಹೊರಗು’ ಅಲ್ಲಿ ಕಾಲಿಟ್ಟಿಲ್ಲ.

ಇತರ ಭಾಷೆಗಳು ಹೊರಗನ್ನು ಬೇರೆ ದಾರಿಯಿಂದ ತಲುಪಿವೆ. ತಮಿಳಿನ ‘ವೆಳಿ’ ಮೂಲತಃ ಬಯಲು, ತೆರೆದ ಜಾಗ. ತೆಲುಗಿನ ‘ಬಯಟ’ ನಮ್ಮ ‘ಬಯಲು’ ಪದದ ಬಂಧು. ಲ್ಯಾಟಿನ್ನಿನಲ್ಲಿ ಹೊರಗೆಂಬುದಕ್ಕಿರುವ ‘ಫೋರಿಸ್’ ಬಾಗಿಲೆಂಬ ಪದಕ್ಕೆ ಸಂಬಂಧಿಸಿದ್ದು. ಪರದೇಶದವನು ಎಂಬರ್ಥದ ಇಂಗ್ಲಿಷಿನ ‘ಫಾರಿನ್’ ಅಲ್ಲಿಂದ ಬಂದಿದೆ. ಬಾಗಿಲ ಬಳಿ ಇರುವುದು ಪರಕೀಯವಾಗುವ ಈ ಅರ್ಥವಿಸ್ತಾರವೇ ಕನ್ನಡದ ‘ಹೊರಗು’ ಪದದಲ್ಲಿಯೂ ನಡೆದಿದೆ.

‘ಆಚೆಮನೆಯವರು’ ಎಂದರೆ ನೆರೆಯವರು. ಮೊಸರಿಗೆ ಹೆಪ್ಪು ಕೇಳುವಷ್ಟು, ಕೂಸನ್ನು ಬಿಟ್ಟುಹೋಗುವಷ್ಟು ಸಲಿಗೆಯವರು. ‘ಹೊರಗಿನವರು’ ಎಂದರೆ ನಮ್ಮವರಲ್ಲದವರು. ಮೂವತ್ತು ವರ್ಷ ಆಚೆಮನೆಯಲ್ಲಿದ್ದವರೂ ಹೆಣ್ಣು ಕೊಡುವ ತರುವ ಮಾತು ಬಂದಾಗ ಹೊರಗಿನವರೇ ಆಗಿಬಿಡಬಹುದು. ವ್ಯಾಕರಣದಲ್ಲಿಯೂ ಈ ಭೇದವಿದೆ. ‘ಹೊರಗು’ ಎಂಬುದಕ್ಕೆ ‘ಆಗು’ ಧಾತು ಸೇರಿ ‘ಹೊರಗಾಗು’ ಎಂಬ ಕ್ರಿಯಾಪದವುಂಟು, ‘ಆಚೆಯಾಗು’ ಎಂಬುದಿಲ್ಲ. ಮುಟ್ಟಾದ ಹೆಣ್ಣನ್ನು ಕುರಿತು ‘ಆಚೆ ಕೂತವ್ಳೆ’ ಎಂದರೆ ಅದು ಅವಳು ಕುಳಿತ ಜಾಗವನ್ನಷ್ಟೇ ಹೇಳುತ್ತದೆ. ‘ಹೊರಗಾಗವ್ಳೆ’ ಎಂದರೆ ಅವಳ ಸ್ಥಿತಿಯನ್ನು ಹೇಳುತ್ತದೆ. ಇಂದು ಬಹುಪಾಲು ಮನೆಗಳಲ್ಲಿ ಅವಳು ನಡುಮನೆಯಲ್ಲಿಯೇ ಇರುತ್ತಾಳೆ. ಆದರೂ ಮಾತಿನಲ್ಲಿ ‘ಹೊರಗಾಗಿ’ದ್ದಾಳೆ. ಜಾಗ ಬದಲಾದರೂ ಪದ ಬದಲಾಗಿಲ್ಲ. ತುಮಕೂರು, ಚಿತ್ರದುರ್ಗ ಜಿಲ್ಲೆಗಳ ಕಾಡುಗೊಲ್ಲರ ಹಟ್ಟಿಗಳಲ್ಲಿ ಈ ಹೊರಗು ಹಟ್ಟಿಯ ಎಲ್ಲೆಯಿಂದಾಚೆಗಿನ ನಿಜವಾದ ಸ್ಥಳವೇ ಆಗಿತ್ತು ಎಂಬುದನ್ನು ಇಲ್ಲಿ ನೆನೆಯಬೇಕು.

ಊರು ಮತ್ತು ಕೇರಿಯ ಸಂಬಂಧದಲ್ಲಿ ಪದದ ಭಾರ ಇನ್ನೂ ಹೆಚ್ಚು. ದಲಿತರ ಕೇರಿಯನ್ನು ‘ಊರ ಹೊರಗೆ’ ಎನ್ನುವುದು ರೂಢಿ. ಪಕ್ಕದ ಹಾಸನ ಸೀಮೆಯ ಗ್ರಾಮಗಳನ್ನು ಕುರಿತು 1873ರ ‘ಇಂಡಿಯನ್ ಆಂಟಿಕ್ವೆರಿ’ಯಲ್ಲಿ ಬರೆದ ಜೆ.ಎಸ್.ಎಫ್. ಮೆಕೆಂಜಿ, ಕೇರಿಯು ಊರ ಬೇಲಿಯ ಹೊರಗಿರುತ್ತಿದ್ದುದನ್ನು ಹೇಳಿ, ಅದರೊಂದಿಗೆ ಇನ್ನೊಂದು ಸಂಗತಿಯನ್ನೂ ದಾಖಲಿಸಿದ್ದಾನೆ. ಬ್ರಾಹ್ಮಣನು ಕೇರಿಯೊಳಗೆ ಕಾಲಿಟ್ಟರೆ ಕೇರಿಯವರು ಒಟ್ಟಾಗಿ ಬಂದು ಅವನನ್ನು ಹೊಡೆದಟ್ಟುತ್ತಿದ್ದರಂತೆ. ಅಂದರೆ ಕೇರಿಗೂ ತನ್ನದೇ ಒಂದು ಒಳಗಿತ್ತು, ಆ ಒಳಗಿಗೆ ಊರೇ ಹೊರಗು. ಇದು ‘ಆಚೆ–ಈಚೆ’ಗಳ ಹಾಗೆ ನಿಂತ ಜಾಗದಿಂದ ತಿರುಗುವ ಅರ್ಥ. ಆದರೆ ರೂಢಿಯ ಭಾಷೆ ಊರಿನ ಕಡೆಯಿಂದ ಮಾತ್ರ ನೋಡಿ ‘ಹೊರಗೆ’ ಎಂಬುದನ್ನು ಸ್ಥಿರಗೊಳಿಸಿತು. ಪಾಂಡವಪುರ ತಾಲ್ಲೂಕಿನ ಮೇಲುಕೋಟೆಯಲ್ಲಿ ರಾಮಾನುಜರು ತಿರುಕುಲತ್ತಾರ್ ಎಂಬ ಹೆಸರಿತ್ತು ಅಸ್ಪೃಶ್ಯರಿಗೆ ನಿಗದಿತ ದಿನಗಳಲ್ಲಿ ದೇವಾಲಯ ಪ್ರವೇಶ ಕೊಡಿಸಿದರೆಂಬುದು ಪ್ರಸಿದ್ಧ ಐತಿಹ್ಯ. ಕೆಲವು ದಿನಗಳ ಒಳಗು, ಉಳಿದ ದಿನಗಳ ಹೊರಗನ್ನು ದೃಢಪಡಿಸುವ ಏರ್ಪಾಡೂ ಆಗಬಲ್ಲದು.

ಹೆಸರಿಡುವಲ್ಲಿಯೂ ಒಳಗು ಹೊರಗುಗಳುಂಟು. ಪಾಂಡವಪುರದ ಹಳೆಯ ಹೆಸರು ಹಿರೋಡೆ. ಹೈದರ್ ಮತ್ತು ಟಿಪ್ಪುವಿನ ಸೇವೆಯಲ್ಲಿದ್ದ ಫ್ರೆಂಚ್ ಸೈನಿಕರು ತಂಗಿದ್ದುದರಿಂದ ಹೊರಗಿನವರ ಬಾಯಲ್ಲಿ ಅದು ಫ್ರೆಂಚ್ ರಾಕ್ಸ್. ಕೃಷ್ಣರಾಜಪೇಟೆ ಮೊದಲು ಅತ್ತಿಕುಪ್ಪೆಯಾಗಿತ್ತು. ಅದೇ ತಾಲ್ಲೂಕಿನ ಹೊಸಹೊಳಲಿನ ಲಕ್ಷ್ಮೀನಾರಾಯಣ ದೇವಾಲಯದಲ್ಲಿ ‘ಹೊರ’ ಎಂಬುದು ಗೌರವದ ಸ್ಥಾನ ಪಡೆದಿದೆ. ರಾಮಾಯಣ, ಮಹಾಭಾರತಗಳ ಕಥನಶಿಲ್ಪವಿರುವುದು ಹೊರಭಿತ್ತಿಯ ಮೇಲೆ.

ಆಧುನಿಕ ಕನ್ನಡ ಹೊಸ ಪದಗಳನ್ನು ಟಂಕಿಸುವಾಗ ‘ಆಚೆ’ಯನ್ನು ಬಿಟ್ಟು ‘ಹೊರ’ವನ್ನೇ ಆರಿಸಿಕೊಂಡಿದೆ: ಹೊರನಾಡು, ಹೊರರೋಗಿ, ಹೊರವರ್ತುಲ ರಸ್ತೆ. ಸಮಾಸಕ್ಕೆ ಒಗ್ಗುವ ಗುಣ ಅದಕ್ಕಿರುವುದೇ ಕಾರಣ. ಇವುಗಳಲ್ಲಿ ‘ಹೊರಗುತ್ತಿಗೆ’ ವಿಶೇಷ ಗಮನಕ್ಕೆ ಅರ್ಹವಾದುದು. ಹೊರಗುತ್ತಿಗೆಯ ನೌಕರ ಕೆಲಸ ಮಾಡುವುದು ಕಚೇರಿಯ ಒಳಗೆ. ಕಾಯಂ ನೌಕರನ ಪಕ್ಕದ ಕುರ್ಚಿಯಲ್ಲಿ, ಅದೇ ಕಡತಗಳೊಂದಿಗೆ. ಸೇವಾನಿಯಮ, ಪಿಂಚಣಿ, ರಜೆಗಳ ವಿಷಯ ಬಂದಾಗ ಮಾತ್ರ ಅವನು ಹೊರಗಿನವನು. ನಡುಮನೆಯಲ್ಲಿದ್ದೂ ‘ಹೊರಗಾದ’ ಹೆಣ್ಣಿನ ವಿಷಯದಲ್ಲಿ ಕಂಡ ಅರ್ಥವೇ ಇಲ್ಲಿಯೂ ಇದೆ. ಕನ್ನಡಿಗರು ಈ ಪದವನ್ನು ಇಂಗ್ಲಿಷಿನ ಅನುವಾದವಾಗಿ ರೂಪಿಸಿದರೂ ಅದರ ಅರ್ಥಕ್ಕೆ ಬೇಕಾದ ನೆಲ ಹಳ್ಳಿಯ ಮಾತಿನಲ್ಲಿ ಮೊದಲೇ ಹದವಾಗಿತ್ತು.