ತಿಂಗಳು ತುಂಬದಿದ್ದರೂ ದುಡಿದ ಪಗಾರ ನಿಮ್ಮದೇ

ಪ್ರಶ್ನೆ: ನಾನು ಹಾನಗಲ್ ತಾಲ್ಲೂಕಿನ ಹಳ್ಳಿಯವಳು, ಬಿ.ಕಾಂ. ಮುಗಿಸಿದ್ದೇನೆ. ಹುಬ್ಬಳ್ಳಿಯ ಒಂದು ಮಳಿಗೆಯಲ್ಲಿ ಬಿಲ್ಲಿಂಗ್ ಕೆಲಸಕ್ಕೆ ಸೇರಿದ್ದೆ. ತಿಂಗಳಿಗೆ 15,000 ರೂಪಾಯಿ ಎಂದು ವಾಟ್ಸ್‌ಆ್ಯಪ್‌ನಲ್ಲಿ ತಿಳಿಸಿದ್ದರು. ಸೇರಿದ ಮೇಲೆ, ಮೊದಲ ಮೂರು ತಿಂಗಳು ಟ್ರೇನಿ, 9,000 ಮಾತ್ರ ಎಂದರು. ರಾತ್ರಿ ಹತ್ತರವರೆಗೂ ನಿಲ್ಲಿಸಿಕೊಳ್ಳುತ್ತಿದ್ದರು. ಸಾಕಾಗಿ 19 ದಿನಕ್ಕೆ ಬಿಟ್ಟು ಬಂದೆ. ಈಗ ಪಗಾರ ಕೇಳಿದರೆ, ‘ತಿಂಗಳು ತುಂಬಿಲ್ಲ, ಪಗಾರ ಇಲ್ಲ. ತರಬೇತಿ ಖರ್ಚು 5,000 ನೀನೇ ಕಟ್ಟಬೇಕು’ ಅನ್ನುತ್ತಾರೆ. ನನ್ನ ಮೂಲ ಅಂಕಪಟ್ಟಿಯೂ ಅವರ ಹತ್ತಿರವೇ ಇದೆ. ‘ಹೋದರೆ ಹೋಗಲಿ, ಜಗಳ ಬೇಡ’ ಅಂತಾರೆ ಅಪ್ಪ. ನಾನು ತಪ್ಪು ಮಾಡಿದೆನಾ?

ಉತ್ತರ: ಕೊನೆಯ ಪ್ರಶ್ನೆಗೆ ಮೊದಲು ಉತ್ತರಿಸುತ್ತೇನೆ. ಇಲ್ಲ, ನೀವು ತಪ್ಪು ಮಾಡಿಲ್ಲ. ಒಪ್ಪಿದ ಸಂಬಳವನ್ನು ಸೇರಿದ ಮೇಲೆ ಇಳಿಸಿದವರು ಅವರು. ಹೊಂದದ ಕೆಲಸ ಬಿಡುವುದು ಓಡಿಹೋಗುವುದಲ್ಲ. ನಿಮ್ಮಂಥದೇ ಚಿಂತೆಯನ್ನು ಶಿಗ್ಗಾಂವಿಯ ಗಾರ್ಮೆಂಟ್ಸ್ ಹುಡುಗಿಯರು, ಹಿರೇಕೆರೂರು ಕಡೆಯಿಂದ ಬೆಂಗಳೂರಿಗೆ ಹೋದ ಹುಡುಗರು ಹೇಳಿಕೊಳ್ಳುತ್ತಾರೆ. ಎಲ್ಲರಿಗೂ ಸಿಕ್ಕಿರುವುದು ಅದೇ ಮಾತು: ‘ತಿಂಗಳು ತುಂಬಿಲ್ಲ.’

ಈ ಮಾತಿಗೆ ಕಾನೂನಿನಲ್ಲಿ ಆಧಾರವಿಲ್ಲ. ನಮ್ಮೂರ ಹೊಲದಲ್ಲಿ ಮೆಣಸಿನಕಾಯಿ ಬಿಡಿಸಲು ಬಂದ ಆಳು ಮಧ್ಯಾಹ್ನಕ್ಕೇ ಮನೆಗೆ ಹೋದರೂ ಅರ್ಧ ದಿನದ ಕೂಲಿ ಎಣಿಸಿ ಕೊಡುತ್ತೇವೆ. ಮಳಿಗೆಯ ಲೆಕ್ಕವೂ ಅಷ್ಟೇ. ಸಂಬಳವನ್ನು ತಿಂಗಳಿಗೊಮ್ಮೆ ಕೊಡುತ್ತಾರೆ ಎಂದ ಮಾತ್ರಕ್ಕೆ ತಿಂಗಳು ತುಂಬಿದರೇ ಸಂಬಳ ಎಂದು ಅರ್ಥವಲ್ಲ.

2019ರ ವೇತನ ಸಂಹಿತೆ 2025ರ ನವೆಂಬರ್ 21ರಿಂದ ಜಾರಿಯಲ್ಲಿದೆ. ಅದರ 17ನೇ ಸೆಕ್ಷನ್ ಪ್ರಕಾರ, ನೌಕರರನ್ನು ತೆಗೆದುಹಾಕಿದರೂ ಸರಿ, ಅವರೇ ರಾಜೀನಾಮೆ ಕೊಟ್ಟರೂ ಸರಿ, ಬಾಕಿ ವೇತನವನ್ನು ಎರಡು ಕೆಲಸದ ದಿನಗಳೊಳಗೆ ಕೊಡಬೇಕು. 1936ರ ಹಳೆಯ ವೇತನ ಪಾವತಿ ಕಾಯ್ದೆಯಲ್ಲಿ ಈ ಎರಡು ದಿನದ ಗಡುವು ಮಾಲೀಕರೇ ತೆಗೆದುಹಾಕಿದವರಿಗೆ ಮಾತ್ರ ಇತ್ತು. ತಾವಾಗಿಯೇ ಬಿಟ್ಟವರಿಗೂ ಅದು ಸಿಕ್ಕಿರುವುದು ದೊಡ್ಡ ಬದಲಾವಣೆ. ಇದು ನಮ್ಮ ಹಳ್ಳಿಗಳಿಗೆ ಇನ್ನೂ ಮುಟ್ಟಿಲ್ಲ ಎಂಬುದೇ ನನ್ನ ಸಂಕಟ.

ಇನ್ನು ತರಬೇತಿ ಖರ್ಚಿನ ವಿಷಯ. ಸಂಬಳದಲ್ಲಿ ಏನೇನು ಮುರಿದುಕೊಳ್ಳಬಹುದು ಎಂಬುದಕ್ಕೆ ಸಂಹಿತೆಯ 18ನೇ ಸೆಕ್ಷನ್‌ನಲ್ಲಿ ಪಟ್ಟಿಯೇ ಇದೆ: ಗೈರುಹಾಜರಿ, ಪಿ.ಎಫ್., ಮುಂಗಡದ ವಸೂಲಿ, ಮಾಲೀಕರು ಕೊಟ್ಟ ವಸತಿ, ನೌಕರರ ನಿರ್ಲಕ್ಷ್ಯದಿಂದಾದ ನಷ್ಟ ಇತ್ಯಾದಿ. ತರಬೇತಿ ಖರ್ಚು ಎಂಬ ಬಾಬ್ತು ಅದರಲ್ಲಿಲ್ಲ. ಕೆಲಸಕ್ಕೆ ಬೇಕಾದ ಸಲಕರಣೆಯ ಬೆಲೆಯನ್ನೂ ಮುರಿಯುವಂತಿಲ್ಲ. ಶಿಗ್ಗಾಂವಿಯ ಹೊಲಿಗೆ ಹುಡುಗಿಯರು ಕತ್ತರಿ, ಟೇಪಿನ ಲೆಕ್ಕ ಬಂದಾಗ ಇದನ್ನು ನೆನಪಿಡಿ. ಹಿರೇಕೆರೂರಿನ ಹುಡುಗರಿಗೆ ಇನ್ನೊಂದು ಮಾತು: ಕೆಲಸಕ್ಕೆ ಸೇರುವ ಮುಂಚೆ ಏಜೆಂಟ್ ಅಥವಾ ಮಾಲೀಕರು ಪ್ರಯಾಣದ ಖರ್ಚಿಗೆಂದು ಮುಂಗಡ ಕೊಟ್ಟಿದ್ದರೆ ಅದನ್ನು ಸಂಬಳದಲ್ಲಿ ಮುರಿಯಬಾರದು ಎಂದು ಹಳೆಯ ಕಾಯ್ದೆಯ ಕಾಲದಿಂದಲೂ ಇದೆ. ಬಸ್ ಚಾರ್ಜಿನ ಹೆಸರಿನಲ್ಲಿ ಪಗಾರ ಕಳೆದುಕೊಂಡವರು ಎಷ್ಟೋ ಜನ.

ಟ್ರೇನಿ ಎಂಬ ಹೆಸರಿಗೂ ಹೆದರಬೇಡಿ. 1961ರ ಅಪ್ರೆಂಟಿಸ್ ಕಾಯ್ದೆಯಡಿ ನೋಂದಾಯಿತ ಒಪ್ಪಂದವಿದ್ದರೆ ಮಾತು ಬೇರೆ, ಅಲ್ಲಿ ಸ್ಟೈಪೆಂಡ್ ನಿಯಮ ನಡೆಯುತ್ತದೆ. ಅದಿಲ್ಲದೆ ಕೌಂಟರಿನಲ್ಲಿ ಕೂತು ಬಿಲ್ ಹಾಕಿದವರು ನೌಕರರೇ. ಅವರಿಗೆ ಕನಿಷ್ಠ ವೇತನಕ್ಕಿಂತ ಕಡಿಮೆ ಕೊಡುವಂತಿಲ್ಲ. ಕನಿಷ್ಠ ವೇತನಕ್ಕಿಂತ ಕಡಿಮೆ ಕೊಟ್ಟು ದುಡಿಸುವುದು ಸಂವಿಧಾನದ 23ನೇ ವಿಧಿ ನಿಷೇಧಿಸಿದ ಬಲವಂತದ ದುಡಿಮೆ ಎಂದು ಸುಪ್ರೀಂ ಕೋರ್ಟ್ 1982ರಲ್ಲೇ, ದೆಹಲಿಯ ಏಷ್ಯನ್ ಕ್ರೀಡಾಕೂಟದ ಕಟ್ಟಡ ಕಾರ್ಮಿಕರ ಪ್ರಕರಣದಲ್ಲಿ ಹೇಳಿದೆ.

ಈಗ ಲೆಕ್ಕಕ್ಕೆ ಕೂಡಿ. 15,000ವನ್ನು 30ರಿಂದ ಭಾಗಿಸಿದರೆ ದಿನಕ್ಕೆ 500. ರಜೆಯ ದಿನವೂ ಸೇರಿ 19 ದಿನಕ್ಕೆ 9,500 ರೂಪಾಯಿ. ಕೆಲವರು 26 ಕೆಲಸದ ದಿನದ ಲೆಕ್ಕ ಹಿಡಿಯುತ್ತಾರೆ. ಆಗ ದಿನಕ್ಕೆ ಸುಮಾರು 577. ವಾರದ ರಜೆಯ ಎರಡು ದಿನ ಕಳೆದು 17 ದಿನ ಹಾಜರಿದ್ದರೆ ಸುಮಾರು 9,800. ಎರಡರ ನಡುವೆ ಇರುವುದು 300 ರೂಪಾಯಿಯ ಅಂತರ ಮಾತ್ರ. ಅದಕ್ಕಾಗಿ ಹಟ ಹಿಡಿಯದೆ ಅವರು ಯಾವ ಲೆಕ್ಕ ಒಪ್ಪಿದರೂ ತಗೊಳ್ಳಿ. ಆದರೆ ತಳಹದಿ 15,000 ಇರಲಿ, 9,000 ಬೇಡ. ಆ ವಾಟ್ಸ್‌ಆ್ಯಪ್ ಸಂದೇಶವೇ ನಿಮ್ಮ ಕೈಯಲ್ಲಿರುವ ಒಪ್ಪಂದ. ಅದನ್ನು ಅಳಿಸಬೇಡಿ, ಸ್ಕ್ರೀನ್‌ಶಾಟ್ ತೆಗೆದು ಇನ್ನೊಂದು ಫೋನಿಗೂ ಕಳಿಸಿಡಿ. ನಿಗದಿತ ಅವಧಿ ಮೀರಿ ದುಡಿದ ಗಂಟೆಗಳಿಗೆ ಎರಡು ಪಟ್ಟು ದರ ಕೇಳುವ ಹಕ್ಕೂ ಇದೆ. ಯಾವ ದಿನ ಎಷ್ಟು ಹೊತ್ತಿಗೆ ಮಳಿಗೆ ಬಿಟ್ಟಿರಿ ಎಂಬುದನ್ನು ನೆನಪಿರುವಾಗಲೇ ಬರೆದಿಡಿ.

ನಿಮ್ಮ ಕಡೆಯಿಂದಲೂ ಒಂದು ವಿಷಯ ನೋಡಿಕೊಳ್ಳಬೇಕು. ಸೇರುವಾಗ ನೋಟಿಸ್ ಅವಧಿಯ ಕಾಗದಕ್ಕೆ ಸಹಿ ಹಾಕಿದ್ದೀರಾ? ಹಾಕಿದ್ದರೆ ಅವರು ಆ ದಿನಗಳ ಹಣ ಕೇಳಬಹುದು. ಕೇಳಿದರೆ, ಸಂಬಳ ಇಳಿಸಿ ಒಪ್ಪಂದ ಮೊದಲು ಮುರಿದವರು ಯಾರು ಎಂದು ನೀವೂ ಕೇಳಬಹುದು. ಸಮವಸ್ತ್ರ, ಗುರುತಿನ ಚೀಟಿ ಇದ್ದರೆ ಹಿಂದಿರುಗಿಸಿ, ಅದಕ್ಕೊಂದು ರಸೀದಿ ಪಡೆಯಿರಿ.

ಸವಣೂರಿನ ಯುವಕರೊಬ್ಬರು, ಇಂತಿಷ್ಟು ವರ್ಷ ತುಂಬುವ ಮೊದಲು ಕೆಲಸ ಬಿಟ್ಟರೆ ಹಣ ಕಟ್ಟಬೇಕು ಎಂದು ಬರೆಸಿಕೊಳ್ಳುವ ಬಾಂಡ್ ಬಗ್ಗೆ ಕೇಳಿದ್ದಾರೆ, ಇಲ್ಲೇ ಹೇಳಿಬಿಡುತ್ತೇನೆ. ಮಂಗಳೂರಿನಲ್ಲಿ ಹುಟ್ಟಿದ ವಿಜಯಾ ಬ್ಯಾಂಕಿನ ಅಧಿಕಾರಿಯೊಬ್ಬರು ಮೂರು ವರ್ಷ ತುಂಬುವ ಮೊದಲೇ ಬೇರೆ ಬ್ಯಾಂಕಿಗೆ ಹೋಗಲು 2 ಲಕ್ಷ ರೂಪಾಯಿ ಬಾಂಡ್ ಹಣ ಕಟ್ಟಬೇಕಾಯಿತು. ಕರ್ನಾಟಕ ಹೈಕೋರ್ಟ್ ಅವರ ಪರ ತೀರ್ಪು ಕೊಟ್ಟಿತ್ತು. ಆದರೆ 2025ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ಬ್ಯಾಂಕಿನ ಕರಾರನ್ನು ಎತ್ತಿಹಿಡಿಯಿತು. ಹಾಗಾಗಿ ‘ಬಾಂಡ್‌ಗೆ ಬೆಲೆಯೇ ಇಲ್ಲ’ ಎನ್ನುವ ಗೆಳೆಯರ ಮಾತು ನಂಬಬೇಡಿ. ಆದರೆ ಅಲ್ಲಿ ನ್ಯಾಯಾಲಯ ನೋಡಿದ್ದು, ಜಾಹೀರಾತು ಕೊಟ್ಟು ಮುಕ್ತ ನೇಮಕಾತಿ ನಡೆಸಬೇಕಾದ ಸರ್ಕಾರಿ ಬ್ಯಾಂಕಿಗೆ ಆಗುವ ಖರ್ಚನ್ನು. ಎರಡು ದಿನ ಕಂಪ್ಯೂಟರ್ ತೋರಿಸಿ ಲಕ್ಷ ಕೇಳುವ ಅಂಗಡಿಗೆ ಆ ತೀರ್ಪು ಹಾಗೆಯೇ ಒಪ್ಪುವುದಿಲ್ಲ. ಕರಾರು ಕಾಯ್ದೆಯ 74ನೇ ಸೆಕ್ಷನ್ ಕೊಡಿಸುವುದು ನ್ಯಾಯಸಮ್ಮತ ಪರಿಹಾರ ಮಾತ್ರ. ನ್ಯಾಯಾಲಯದಿಂದ ನೋಟಿಸ್ ಬಂದರೆ ಮಾತ್ರ ಮಡಚಿ ಇಡಬೇಡಿ, ವಕೀಲರಿಗೆ ತೋರಿಸಿ.

ಹಾನಗಲ್ಲಿನ ತಂಗಿ, ಈಗ ನೀವು ಮಾಡಬೇಕಾದ್ದು ಒಂದು ಪುಟದ ಪತ್ರ ಬರೆಯುವುದು. ಇಷ್ಟು ಸಾಕು: ‘ನಾನು ಇಂಥ ದಿನದಿಂದ ಇಂಥ ದಿನದವರೆಗೆ ನಿಮ್ಮ ಮಳಿಗೆಯಲ್ಲಿ ಬಿಲ್ಲಿಂಗ್ ಕೆಲಸ ಮಾಡಿದ್ದೇನೆ. ಒಪ್ಪಿದ ವೇತನ ತಿಂಗಳಿಗೆ 15,000 ರೂಪಾಯಿ. ನನಗೆ ಬರಬೇಕಾದ 9,500 ರೂಪಾಯಿಯನ್ನು ಈ ಖಾತೆಗೆ ಜಮಾ ಮಾಡಿ, ಮೂಲ ಅಂಕಪಟ್ಟಿಯನ್ನು ಏಳು ದಿನದೊಳಗೆ ಹಿಂದಿರುಗಿಸಿ. ಇಲ್ಲದಿದ್ದರೆ ಕಾರ್ಮಿಕ ಇಲಾಖೆಗೆ ದೂರು ಕೊಡುತ್ತೇನೆ.’ ಬೈಗುಳ ಬೇಡ, ಕಣ್ಣೀರೂ ಬೇಡ. ಸ್ಪೀಡ್ ಪೋಸ್ಟ್‌ನಲ್ಲಿ ಕಳಿಸಿ, ರಸೀದಿ ಇಟ್ಟುಕೊಳ್ಳಿ, ಅದೇ ಪತ್ರದ ಫೋಟೊ ವಾಟ್ಸ್‌ಆ್ಯಪ್‌ಗೂ ಹಾಕಿ. ಅಂಕಪಟ್ಟಿಯನ್ನು ಒತ್ತೆ ಇಟ್ಟುಕೊಳ್ಳುವ ಹಕ್ಕು ಯಾವ ಮಾಲೀಕರಿಗೂ ಇಲ್ಲ. ಮುಂದಿನ ಕೆಲಸಕ್ಕೆ ನಕಲು ತೋರಿಸಿ, ಮೂಲ ಪ್ರತಿಯನ್ನು ನೋಡಿದ ಕೂಡಲೇ ವಾಪಸ್ ಪಡೆಯಿರಿ.

ಏಳು ದಿನ ಕಳೆದರೂ ಹಣ ಬಾರದಿದ್ದರೆ ಕೆಲಸ ಮಾಡಿದ ಊರಿನ ಕಾರ್ಮಿಕ ಕಚೇರಿಗೆ ಹೋಗಿ. ನಿಮಗೆ ಅದು ಹುಬ್ಬಳ್ಳಿ. ಶಿಗ್ಗಾಂವಿಯಲ್ಲಿ ದುಡಿದವರಿಗೆ ಜಿಲ್ಲಾ ಕೇಂದ್ರ ಹಾವೇರಿ. ಸಂಹಿತೆಯ ಪ್ರಕಾರ ಮೂರು ವರ್ಷದೊಳಗೆ ಅರ್ಜಿ ಹಾಕಬಹುದು, ಬಾಕಿಯ ಜೊತೆಗೆ ಅದರ ಹತ್ತು ಪಟ್ಟಿನವರೆಗೆ ಪರಿಹಾರ ಕೊಡಿಸುವ ಅಧಿಕಾರವೂ ಆ ಅರ್ಜಿ ವಿಚಾರಿಸುವ ಪ್ರಾಧಿಕಾರಕ್ಕಿದೆ. ಪಗಾರ ಕೊಟ್ಟಿದ್ದೇವೆ ಎಂದು ಸಾಬೀತು ಮಾಡುವ ಹೊಣೆ ಮಾಲೀಕರದು, ನಿಮ್ಮದಲ್ಲ. 2025ರ ನವೆಂಬರ್ 21ಕ್ಕಿಂತ ಮೊದಲು ಕೆಲಸ ಬಿಟ್ಟವರು ತಡ ಮಾಡಬಾರದು, ಹಳೆಯ ಕಾಯ್ದೆಯಲ್ಲಿ ಒಂದು ವರ್ಷದ ಗಡುವಷ್ಟೇ ಇತ್ತು.

ವಕೀಲರ ಫೀಸಿನ ಚಿಂತೆ ನಿಮ್ಮ ತಂದೆಯವರಿಗೆ ಇರಬಹುದು. ಹಾನಗಲ್, ಶಿಗ್ಗಾಂವಿ, ಸವಣೂರು, ಹಿರೇಕೆರೂರು ನ್ಯಾಯಾಲಯಗಳ ಆವರಣದಲ್ಲೇ ತಾಲ್ಲೂಕು ಕಾನೂನು ಸೇವಾ ಸಮಿತಿಗಳಿವೆ. 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆಯ ಪ್ರಕಾರ, ಮಹಿಳೆಯರಿಗೆ ಆದಾಯ ಎಷ್ಟೇ ಇದ್ದರೂ ಅಲ್ಲಿ ಉಚಿತ ನೆರವು ಸಿಗುತ್ತದೆ. ಸಹಾಯವಾಣಿ 15100. ಜಗಳ ಬೇಡ ಎನ್ನುವ ತಂದೆಯವರನ್ನೂ ಜೊತೆಗೆ ಕರೆದುಕೊಂಡು ಹೋಗಿ. ಆದರೆ ಅದಕ್ಕೂ ಮೊದಲು ಪತ್ರ ಹೋಗಬೇಕು. ನಾಳೆ ಅಂಚೆ ಕಚೇರಿ ತೆರೆದ ಕೂಡಲೇ ಕಳಿಸಿ.