ಸೈರನ್ ಕೇಳಿ ಗಾಬರಿಯಾದವರಿಗೆ

ಅಂಬ್ಲಿಗೊಳದ ಕಡೆಯ ಕಿರಿದಾದ ರಸ್ತೆ. ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಗೆ ಹೊರಟ 108 ಆಂಬುಲೆನ್ಸ್ ಹಿಂದಿನಿಂದ ಕೂಗಿಕೊಂಡು ಬಂತು. ನೀವು ಗಾಬರಿಬಿದ್ದು ನಡುರಸ್ತೆಯಲ್ಲೇ ಬ್ರೇಕ್ ಒತ್ತಿದಿರಿ. ಚಾಲಕರು ಗದರಿದರು, ಚಹದಂಗಡಿಯವರೆಲ್ಲ ತಿರುಗಿ ನೋಡಿದರು. ಈಗ ನಿದ್ದೆ ಬರುತ್ತಿಲ್ಲ, ಅಲ್ಲವೇ?

ಆ ಚಾಲಕರು ಮುಂದಿನ ತಿರುವಿನಲ್ಲೇ ನಿಮ್ಮನ್ನು ಮರೆತಿರುತ್ತಾರೆ. ಅಂಗಡಿಯವರು ಎರಡು ದಿನ ಆಡಿಕೊಂಡಾರು, ಆಡಿಕೊಳ್ಳಲಿ ಬಿಡಿ. ಹಾಗೆಂದು ‘ಏನೂ ಆಗಿಲ್ಲವಲ್ಲ’ ಎಂದು ತಳ್ಳಿಹಾಕುವುದೂ ತರವಲ್ಲ. 2019ರ ತಿದ್ದುಪಡಿಯ ನಂತರ ಮೋಟಾರು ವಾಹನ ಕಾಯ್ದೆಯಲ್ಲಿ ದಾರಿ ಬಿಡದವರಿಗೆ 10,000 ರೂಪಾಯಿ ದಂಡ, 6 ತಿಂಗಳವರೆಗೆ ಜೈಲು, ಇಲ್ಲವೇ ಎರಡೂ ಉಂಟು.

ಮನಸ್ಸು ಆ ಗಳಿಗೆಯನ್ನೇ ಮೆಲುಕು ಹಾಕುತ್ತಿದ್ದರೆ ಅದಕ್ಕೊಂದು ಕೆಲಸ ಕೊಡಿ. ಸೈರನ್ ಕೇಳಿತು, ಕನ್ನಡಿ ನೋಡಿದೆ, ಎಡಗಡೆ ಇಂಡಿಕೇಟರ್ ಹಾಕಿದೆ, ವೇಗ ತಗ್ಗಿಸಿ ಬದಿಗೆ ಸರಿದೆ ಎಂದು ಒಳಗೊಳಗೇ ಓಡಿಸಿ ನೋಡಿ. ಮೋರಿಯ ಮೇಲೆ, ತಿರುವಿನಲ್ಲಿ ನಿಲ್ಲಬೇಡಿ. ಅಗಲ ಸಿಗುವವರೆಗೆ ಮುಂದೆ ಹೋಗಿ. ನಮ್ಮ ಮಳೆಗಾಲದಲ್ಲಿ ರಸ್ತೆಯಂಚಿನ ಮಣ್ಣನ್ನು ನಂಬುವಂತಿಲ್ಲ, ಚಕ್ರ ಇಳಿಸುವ ಮುನ್ನ ನೋಡಿ. ಕಾರಿನೊಳಗೆ ಹಾಡಿನ ಸದ್ದು ತಗ್ಗಿರಲಿ.

ದಾರಿ ಖಾಲಿಯಾಯಿತೆಂದು ಆಂಬುಲೆನ್ಸಿನ ಬೆನ್ನು ಹತ್ತುವವರಿದ್ದಾರಲ್ಲ, ನಿಜಕ್ಕೂ ನಾಚಬೇಕಾದವರು ಅವರು. ನೀವು ಮಾತ್ರ ಕೂಡಲೇ ರಸ್ತೆಗೆ ಏರಬೇಡಿ. ಹಿಂದೆ ಇನ್ನೊಂದು ಬರುತ್ತಿರಬಹುದು.